ಜೋಡಿ ಸಾಲು

“ಈ ಟೈ ಯಾವಾಗ ಕೊಂಡಿದ್ದು?”

ಬಸ್ಸಿನ ಮೆಟ್ಟಿಲು ಇಳಿಯುತ್ತಿದ್ದ ರೋಲಂಡ್ ಬ್ಯಾಗ್‌ಶಾ ಹೆಂಡತಿಯ ಪ್ರಶ್ನೆಗೆ ಕೊರಳಲ್ಲಿದ್ದ ನೀಲಿ ಟೈಯನ್ನು ಒಮ್ಮೆ ಸವರಿಕೊಂಡ.

“ಹಳೇದು ಕಣೇ. ಬೀರು ತಳದಲ್ಲಿ ಬಿದ್ದಿತ್ತು.”

“ಬೀರು ತಳದಲ್ಲಿ ಬಿದ್ದಿದ್ದಕ್ಕೆ ಅಂಗಡಿಯವನು ಮಡಚಿದ ಗೆರೆ ಇನ್ನೂ ಹೋಗಿಲ್ವಲ್ಲ, ಪಾಪ.”

ರೋಲಂಡ್ ನಕ್ಕು, ಅವಳ ಕೈ ಹಿಡಿದು ಇಳಿಸಿದ. ಥೆಲ್ಮಾ ನಗಲಿಲ್ಲ. ಇಪ್ಪತ್ತಾರು ವರ್ಷ ಡರ್ಬಿಯ ಠಾಣೆಯಲ್ಲಿ ಕಳ್ಳಕಾಕರ ಬಾಯಿಬಿಡಿಸಿ, ಸಾರ್ಜೆಂಟ್ ಆಗಿ ನಿವೃತ್ತಿಯಾದವಳು ಅವಳು. ಎದುರಿಗಿರುವವನು ಸುಳ್ಳು ಹೇಳುವಾಗ ಕಣ್ಣನ್ನು ಎಲ್ಲಿಡುತ್ತಾನೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ರೋಲಂಡ್ ಕಣ್ಣು ಆಗಲೇ ಥಾರ್ನ್‌ಲೋ ಊರಿನ ಕಲ್ಲುಮನೆಗಳ ಸಾಲಿನ ಮೇಲಿತ್ತು.

ಆ ಸಾಲಿನ ನಾಲ್ಕನೆಯ ಮನೆ ಲಾವಿನಿಯಾ ಫರ್ನಿಸ್‌ಳದು. ಮೂವತ್ತೆಂಟು ವರ್ಷದ ಹಿಂದೆ ರೋಲಂಡ್ ಮದುವೆಯಾಗಬೇಕಿದ್ದವಳು. ನಿಶ್ಚಿತಾರ್ಥ ಆಗಿತ್ತು, ಆಮೇಲೆ ಮುರಿದಿತ್ತು. ಯಾಕೆ ಮುರಿಯಿತೆಂದು ಅವನು ಇವತ್ತಿನವರೆಗೂ ಹೇಳಿಲ್ಲ. ನಿಶ್ಚಿತಾರ್ಥ ಆಗಿದ್ದನ್ನು ಥೆಲ್ಮಾ ಎಂದೋ ಕ್ಷಮಿಸಿದ್ದಳು. ಹೇಳದೆ ಬಾಯಿ ಮುಚ್ಚಿಕೊಂಡಿದ್ದನ್ನು ಕ್ಷಮಿಸಿರಲಿಲ್ಲ.

ಗುರುವಾರ ಈ ಊರಿನ ದೊಡ್ಡಮನೆಯಲ್ಲಿ ಮುದುಕಿ ಮಿಸ್ ಐರ್ ಅವರ ನೀಲಮಣಿ ಉಂಗುರ ಕಳುವಾಗಿತ್ತು. ಅಪವಾದ ಬಂದದ್ದು ಅಲ್ಲಿ ಕೆಲಸಕ್ಕಿದ್ದ ಥೆಲ್ಮಾಳ ತಂಗಿಯ ಮಗಳು ಟ್ಯಾಮ್ಸಿನ್ ಮೇಲೆ. ಹತ್ತೊಂಬತ್ತರ ಹುಡುಗಿ. ತಾಯಿ ತೀರಿಕೊಂಡ ಮೇಲೆ ಥೆಲ್ಮಾ, ರೋಲಂಡ್ ಕೈಯಲ್ಲೇ ಬೆಳೆದವಳು. ಸೋಮವಾರದೊಳಗೆ ಉಂಗುರ ಸಿಗದಿದ್ದರೆ ಅವಳು ಕಟಕಟೆ ಹತ್ತುವುದು ಖಂಡಿತ.

ಇವತ್ತು ಶನಿವಾರ. ಡರ್ಬಿಯ ತೋಟಗಾರಿಕೆ ಸಂಘದವರು ಥಾರ್ನ್‌ಲೋದ ಬಾವಿ ಸಿಂಗಾರ ನೋಡಲು ಬಸ್ಸು ಮಾಡಿದ್ದರು. ನಲವತ್ತು ಹೆಂಗಸರು, ನಲವತ್ತು ಕೊಡೆ, ನಲವತ್ತು ಫ್ಲಾಸ್ಕು. ಅವರ ನಡುವೆ ಒಬ್ಬಳು ಮಾಜಿ ಪೊಲೀಸಿನವಳು ನುಸುಳಿದರೆ ಯಾರು ಗಮನಿಸುತ್ತಾರೆ ಎಂದು ಥೆಲ್ಮಾ ಲೆಕ್ಕ ಹಾಕಿದ್ದಳು. ‘ನಾನೂ ಬರ್ತೀನಿ, ಜೊತೆಗಾಗುತ್ತೆ’ ಎಂದು ರೋಲಂಡ್ ಹೊರಟು ನಿಂತದ್ದು ಮಾತ್ರ ಅವಳ ಲೆಕ್ಕದಲ್ಲಿರಲಿಲ್ಲ.

“ಮೂವತ್ತೆಂಟು ವರ್ಷ ಆಯ್ತು ನೋಡು ಈ ಊರಿಗೆ ಕಾಲಿಟ್ಟು,” ಎಂದು ಬಸ್ಸಿನಲ್ಲೇ ಎರಡು ಸಲ ಹೇಳಿದ್ದ. ಕೇಳದೆಯೇ ಹೇಳಿದ್ದ.

“ಬಾವಿ ಪೂಜೆ ಎರಡು ಗಂಟೆಗೆ ಅಂತೆ. ಮೊದಲು ಟೀ ಕುಡಿಯೋಣ ಬಾ,” ಎನ್ನುತ್ತ ಅವನು ಚರ್ಚಿನ ಪಕ್ಕದ ಓಣಿಗೆ ತಿರುಗಿದ. ಓಣಿಯ ಕೊನೆಯಲ್ಲಿ ಹೊಸ ಹಳದಿ ಬಣ್ಣದ ಬಾಗಿಲು. ‘ಈ ಈಸ್ಟರಿನಿಂದ ತೆರೆದಿದೆ’ ಎಂದು ಬರೆದ ಬೋರ್ಡು. ಒಳಗೆ ನಾಲ್ಕೇ ಮೇಜು.

“ಬಾ ಡಕ್, ಕೂತ್ಕೋ. ಸ್ಕೋನ್ ಈಗಷ್ಟೇ ಒಲೆಯಿಂದ ತೆಗ್ದೆ,” ಎಂದು ಟೀ ಅಂಗಡಿಯವಳು ರೋಲಂಡ್ ಭುಜ ತಟ್ಟಿದಳು.

ಆ ಸೀಮೆಯಲ್ಲಿ ಬಸ್ ಕಂಡಕ್ಟರನನ್ನೂ ಪಾದ್ರಿಯನ್ನೂ ‘ಡಕ್’ ಎಂದೇ ಕರೆಯುತ್ತಾರೆ, ಅದು ಅವರಿಗೆ ಅಣ್ಣಾ, ಅಕ್ಕಾ ಎಂದ ಹಾಗೆ. ಥೆಲ್ಮಾ ಹುಟ್ಟಿ ಬೆಳೆದದ್ದೂ ಅದೇ ಸೀಮೆಯಲ್ಲಿ. ಆದರೂ ಇವತ್ತು ಆ ಬಾತುಕೋಳಿ ಅವಳ ಕಿವಿಗೆ ಕುಕ್ಕಿತು.

“ನಿನ್ನನ್ನ ನೋಡಿದ್ರೆ ಈ ಊರಿನ ಹೆಂಗಸರಿಗೆಲ್ಲ ಪ್ರೀತಿ ಉಕ್ಕಿ ಬರುತ್ತೆ.”

“ಅವಳಿಗೆ ಎಪ್ಪತ್ತೈದು ವರ್ಷ, ಥೆಲ್ಮಾ.”

“ವಯಸ್ಸು ಎಷ್ಟು ಅಂತಾನೂ ನೋಡ್ಕೊಂಡ್ಯಾ?”

ರೋಲಂಡ್ ಸ್ಕೋನಿಗೆ ಜಾಮ್ ಬಳಿಯುತ್ತ ಕಿಟಕಿಯ ಹೊರಗೆ ನೋಡಿದ. ಅಲ್ಲಿಂದ ನಾಲ್ಕನೆಯ ಮನೆಯ ಹಿಂಭಾಗ ಕಾಣುತ್ತಿತ್ತು. ಹಿತ್ತಿಲಲ್ಲಿ ನೀಲಿ ಹೈಡ್ರೇಂಜಿಯ ಗಿಡಗಳು. ಹೂವೆಲ್ಲ ಕಿತ್ತು ಬರೀ ಎಲೆ ಉಳಿದಿತ್ತು.

“ಯಾರನ್ನ ಹುಡುಕ್ತಿದ್ದೀಯ?”

“ಛಾವಣಿ ನೋಡ್ತಿದ್ದೀನಿ ಮಾರಾಯ್ತಿ. ಅದು ಅವಳಪ್ಪನ ಜೊತೆ ಸೇರಿ ನಾನು ಹೊದಿಸಿದ್ದು. ಇನ್ನೂ ಒಂದು ಹಂಚು ಕದಲಿಲ್ಲ. ಈ ಪಕ್ಕದ್ದು ನೋಡು, ಯಾವನೋ ಅವಸರಗೇಡಿ ಮಾಡಿದ್ದು. ಸೂರಿನ ಅಂಚಿಗೆ ಜೋಡಿ ಸಾಲೇ ಹಾಕಿಲ್ಲ. ನೀರೆಲ್ಲ ಗೋಡೆಗೆ.”

ಮೂವತ್ತೈದು ವರ್ಷ ಮನೆಗಳಿಗೆ ಕಲ್ಲುಹಂಚು ಹೊದಿಸಿ, ಮಂಡಿ ಸವೆದ ಮೇಲೆ ಏಣಿ ಬಿಟ್ಟವನು ರೋಲಂಡ್. ಯಾವ ಊರಿಗೆ ಹೋದರೂ ತಲೆ ಎತ್ತಿ ನಡೆಯುವುದು ಅವನ ಚಾಳಿ. ಅಂಚಿಗೆ ಮೊದಲು ಮೊಟಕು ಹಂಚಿನ ಒಂದು ಸಾಲು, ಅದರ ಮೇಲೆ ಪೂರ್ತಿ ಹಂಚಿನ ಇನ್ನೊಂದು ಸಾಲು, ಸಂದಿನ ಮೇಲೆ ಸಂದು ಬರದ ಹಾಗೆ. ಈ ಪಾಠವನ್ನು ಥೆಲ್ಮಾ ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಸಾವಿರ ಸಲ ಕೇಳಿದ್ದಳು. ಹೋದ ವರ್ಷ ಹಿತ್ತಿಲಿನ ಹಕ್ಕಿಗೂಡಿಗೂ ಅವನು ಜೋಡಿ ಸಾಲು ಹಾಕಿ ಅದನ್ನೇ ಹೇಳಿದ್ದ.

ಆದರೆ ಇವತ್ತು ಅವಳ ಕಿವಿಗೆ ಬಿದ್ದದ್ದು ‘ಅವಳಪ್ಪನ ಜೊತೆ’ ಎಂಬುದಷ್ಟೇ. ಉಳಿದದ್ದು ಕಿವಿಯಾಚೆ ಹೋಯಿತು.

ಬಾವಿ ಊರ ನಡುವೆ, ದೊಡ್ಡ ಮರದ ನೆರಳಲ್ಲಿತ್ತು. ಅದರ ಹಿಂದೆ ಆಳೆತ್ತರದ ಹಲಗೆ. ಹಲಗೆಗೆ ಮೆತ್ತಿದ ಹಸಿ ಜೇಡಿಮಣ್ಣಿನಲ್ಲಿ ಹೂವಿನ ಎಸಳು, ಕಾಫಿ ಬೀಜ, ಪಾಚಿ ಒತ್ತಿ ನೋಹನ ಹಡಗಿನ ಚಿತ್ರ ಬರೆದಿದ್ದರು. ಕಂದು ಹಡಗು, ಹಸಿರು ನೀರು, ಮೇಲೆ ಅಗಲವಾದ ನೀಲಿ ಆಕಾಶ, ಆಕಾಶದಲ್ಲಿ ಒಂದು ಬಿಳಿ ಪಾರಿವಾಳ. ವರ್ಷಕ್ಕೊಮ್ಮೆ ಊರವರೆಲ್ಲ ಒಂದು ವಾರ ಕೊಟ್ಟಿಗೆಯಲ್ಲಿ ಕೂತು ಬೆರಳು ಮರಗಟ್ಟಿಸಿಕೊಂಡು ಮಾಡುವ ಕೆಲಸ. ಪಾದ್ರಿ ನೀರಿಗೆ ಪ್ರಾರ್ಥನೆ ಹೇಳಿದ ಮೇಲೆ ಮುಂದಿನ ಶನಿವಾರದವರೆಗೆ ಹಲಗೆಯನ್ನು ಯಾರೂ ಬೆರಳ ತುದಿಯಿಂದಲೂ ಮುಟ್ಟುವಂತಿಲ್ಲ.

ಪೂಜೆ ಮುಗಿದ ಮೇಲೆ ಸಂಘದ ಹೆಂಗಸರು ‘ಆಹಾ’ ಎಂದರು. ಥೆಲ್ಮಾ ಕನ್ನಡಕ ಏರಿಸಿ ಹತ್ತಿರ ಹೋದಳು.

ಪಾರಿವಾಳದ ರೆಕ್ಕೆಯ ಕೆಳಗೆ, ಅಂಗೈ ಅಗಲದಷ್ಟು ಜಾಗದಲ್ಲಿ ನೀಲಿ ಬೇರೆಯಾಗಿತ್ತು. ಉಳಿದ ಆಕಾಶದ ಎಸಳು ಬಾಡಿ ಬೂದಿಗೆ ತಿರುಗುತ್ತಿದ್ದರೆ ಇಲ್ಲಿ ಮಾತ್ರ ಹೊಸ ನೀಲಿ. ಓರೆಯಾಗಿ ನಿಂತು ನೋಡಿದರೆ ಅಲ್ಲಿ ಮಣ್ಣು ಚೂರು ಉಬ್ಬಿತ್ತು.

ಗುರುವಾರ ಮಧ್ಯಾಹ್ನ ಉಂಗುರ ಹೋಯಿತು. ಮೂರು ಗಂಟೆಗೆ ಪೊಲೀಸರು ಊರಿನ ಚೀಲ, ಜೇಬು, ಪೆಟ್ಟಿಗೆ ಎಲ್ಲ ತಡಕಿದರು. ಆದರೆ ಯಾವ ಪೊಲೀಸಿನವನೂ ದೇವರ ಬಾವಿಯ ಹಲಗೆಗೆ ಬೆರಳು ಹಾಕುವುದಿಲ್ಲ. ಒಂದು ವಾರ ಕಳೆದರೆ ಹಲಗೆ ಕೆಳಗಿಳಿಯುತ್ತದೆ, ಮಣ್ಣು ಕೆರೆದು ತೆಗೆಯುತ್ತಾರೆ, ಉಂಗುರ ಬಚ್ಚಿಟ್ಟವರ ಕೈ ಸೇರುತ್ತದೆ.

ಹಲಗೆಯ ಮಣ್ಣು ಕೆರೆಯುವವರು ಯಾರು? ಬಾವಿ ಸಿಂಗಾರದ ಮುಖ್ಯಸ್ಥೆ. ಆ ಮುಖ್ಯಸ್ಥೆ ಯಾರು? ಲಾವಿನಿಯಾ ಫರ್ನಿಸ್.

ಗುರುವಾರ ಮಿಸ್ ಐರ್ ಅವರ ಕೋಣೆಗೆ ಹೋದವರು ಮೂವರೇ. ಧೂಳು ಹೊಡೆಯಲು ಟ್ಯಾಮ್ಸಿನ್. ಊಟಕ್ಕೆ ಬಂದಿದ್ದ ಪಾದ್ರಿ, ಸಂಧಿವಾತದಿಂದ ತಮ್ಮ ಕೋಟಿನ ಗುಂಡಿಯನ್ನೇ ಹಾಕಿಕೊಳ್ಳಲಾಗದ ಪುಣ್ಯಾತ್ಮರು. ಹೂದಾನಿಗೆ ಹೂ ಜೋಡಿಸಲು ಲಾವಿನಿಯಾ. ಥೆಲ್ಮಾ ಗುರುವಾರ ಸಂಜೆಯಿಂದ ದೇವರಲ್ಲಿ ಬೇಡಿಕೊಂಡಿದ್ದೂ ಇದನ್ನೇ. ಯಾರಾದರೂ ಆಗಲಿ ಎಂದಲ್ಲ, ಅವಳೇ ಆಗಲಿ ಎಂದು.

“ಏನೋ ರೋಲಿ, ದಪ್ಪಗಾಗಿದ್ದೀಯಲ್ಲೋ!”

ಥೆಲ್ಮಾ ತಿರುಗಿದಳು. ಮಣ್ಣು ಮೆತ್ತಿದ ಏಪ್ರನ್, ಎತ್ತಿ ಕಟ್ಟಿದ ಬೆಳ್ಳಿ ಕೂದಲು, ನೇರ ಬೆನ್ನು. ಲಾವಿನಿಯಾಳಿಗೂ ಮುಪ್ಪು ಬಂದಿತ್ತು, ಆದರೆ ಮರ್ಯಾದೆಯಿಂದ ಬಂದಿತ್ತು. ಥೆಲ್ಮಾಳಿಗೆ ಬಂದ ಹಾಗೆ ಸೊಂಟದಲ್ಲಿ ಬಂದು ಕೂತಿರಲಿಲ್ಲ.

ರೋಲಿ! ಮೂವತ್ತನಾಲ್ಕು ವರ್ಷದಲ್ಲಿ ಥೆಲ್ಮಾ ಒಮ್ಮೆಯೂ ಅವನನ್ನು ಹಾಗೆ ಕರೆದಿರಲಿಲ್ಲ. ಅಂಥ ಹೆಸರೊಂದಿದೆ ಎಂದೇ ಅವಳಿಗೆ ಗೊತ್ತಿರಲಿಲ್ಲ.

ರೋಲಂಡ್ ಕಿವಿಯ ತುದಿಯವರೆಗೂ ಕೆಂಪಾದ. “ಚೆನ್ನಾಗಿದ್ದೀಯಾ ಲಾವಿನಿಯಾ... ಇವಳು ನನ್ನ ಹೆಂಡ್ತಿ, ಥೆಲ್ಮಾ... ಐಸ್‌ಕ್ರೀಂ ಗಾಡಿ ಬಂದಿದೆ ಅನ್ಸುತ್ತೆ, ತರ್ತೀನಿ ತಾಳಿ,” ಎಂದವನು ಉತ್ತರಕ್ಕೂ ಕಾಯದೆ ಹೊರಟೇಬಿಟ್ಟ.

“ಈಗಲೂ ಹಾಗೇ. ಕಷ್ಟ ಬಂದ್ರೆ ತಿನ್ನೋಕೆ ಏನಾದ್ರೂ ತರೋಕೆ ಹೋಗ್ತಾನೆ,” ಎಂದು ಲಾವಿನಿಯಾ ನಕ್ಕಳು.

ಅದು ನಿಜವಾದ್ದರಿಂದಲೇ ಥೆಲ್ಮಾಳಿಗೆ ಮೈಯೆಲ್ಲ ಉರಿಯಿತು. ತನ್ನ ಗಂಡನ ಗುಣವನ್ನು ಇನ್ನೊಬ್ಬಳು ತನಗೇ ಹೇಳಿಕೊಡುವುದೇ!

ಅವಳು ನೇರ ಮರದ ಬುಡಕ್ಕೆ ಹೋದಳು. ಜನ ಸೇರುವ ದಿನವೆಂದು ಅಲ್ಲಿ ಕಾನ್‌ಸ್ಟೇಬಲ್ ಗ್ರಾಟನ್ ನಿಂತಿದ್ದ. ಹಿಂದೆ ಥೆಲ್ಮಾಳ ಕೈಕೆಳಗೆ ಕೆಲಸ ಕಲಿತವನು.

“ಗ್ರಾಟನ್, ಉಂಗುರ ಆ ಹಲಗೆಯಲ್ಲಿದೆ. ಪಾರಿವಾಳದ ಕೆಳಗೆ.”

“ಅಯ್ಯೋ ಸಾರ್ಜೆಂಟ್, ಹಲಗೆ ಮುಟ್ಟಿದ್ರೆ ಈ ಊರವರು ನನ್ನನ್ನೇ ಬಾವಿಗೆ ಎಸೀತಾರೆ.”

“ಪಾದ್ರಿಗಳ ಅಪ್ಪಣೆ ತಗೊಂಡು ಬಾ. ತಪ್ಪಾದ್ರೆ ನನ್ನ ತಲೆಗೆ.”

ಅವನು ಚರ್ಚಿನ ಕಡೆ ಓಡಿದ. ಥೆಲ್ಮಾ ವಾಪಸು ಬಂದಳು. ಮೋಡ ಕವಿದು ತುಂತುರು ಶುರುವಾಯಿತು. ಸಂಘದ ಹೆಂಗಸರು ಕೊಡೆ ಬಿಚ್ಚಿ ಟೀ ಅಂಗಡಿ ಕಡೆ ನಡೆದರು. ಬಾವಿಯ ಹತ್ತಿರ ಇಬ್ಬರೇ ಉಳಿದರು.

“ಅಲ್ಲಿ ಎಸಳು ಯಾಕೆ ಹೊಸದಿದೆ, ಮಿಸ್ ಫರ್ನಿಸ್?”

ಲಾವಿನಿಯಾ ನೋಡಲೂ ಇಲ್ಲ. “ಯಾರೋ ರಿಪೇರಿ ಮಾಡಿರಬೇಕು.”

“ಯಾರೋ ಅಲ್ಲ. ಮಳೆನೀರು ನೋಡಿ ಹೇಗೆ ಜಾರಿ ಹೋಗ್ತಿದೆ. ಕೆಳಗಿಂದ ಮೇಲಕ್ಕೆ, ಒಂದರ ಮೇಲೊಂದು ಅಂಚು ಬರೋ ಹಾಗೆ ಜೋಡಿಸಿದ್ದಾರೆ. ಹೊರಗಿನವರಿಗೆ ಇದು ಗೊತ್ತಾಗಲ್ಲ. ಮೇಲಿಂದ ಶುರು ಮಾಡ್ತಾರೆ, ನೀರು ಒಳಗಿಳಿದು ಎಲ್ಲ ಕೊಳೆಯುತ್ತೆ. ಇದು ಈ ಊರಿನ ಕೈ. ಗುರುವಾರ ಆ ಕೋಣೆಗೂ ಹೋಗಿ, ಈ ಹಲಗೆಗೂ ಕೈ ಹಾಕಿದವರು ಒಬ್ಬರೇ.”

“ಕಳ್ಳಿ ಅಂತೀರಾ ನನ್ನ?”

“ಹತ್ತೊಂಬತ್ತು ವರ್ಷದ ಹುಡುಗಿ ಜೈಲಿಗೆ ಹೋಗ್ತಾಳೆ ಅಂತ ಗೊತ್ತಿದ್ದೂ ಮೂರು ದಿನ ಬಾಯಿ ಮುಚ್ಕೊಂಡಿದ್ದೀರಿ.”

“ನಿಮಗೆ ಬೇಕಾಗಿರೋದು ಉಂಗುರಾನೋ, ನಾನೋ?”

“ನೀನೇ!” ಥೆಲ್ಮಾಳ ಬಾಯಿಂದ ಬಹುವಚನ ಜಾರಿ ಬಿತ್ತು. “ಹೌದು, ನೀನೇ. ಮೂವತ್ತನಾಲ್ಕು ವರ್ಷ ನನ್ನ ಅಡುಗೆಮನೆಯಲ್ಲಿ, ನನ್ನ ಹಾಸಿಗೆಯಲ್ಲಿ ನಿನ್ನನ್ನ ಸಹಿಸಿದ್ದೀನಿ. ನಿನ್ನ ಹೆಸರು ಬಂದಾಗೆಲ್ಲ ಅವನು ಮಾತು ತಿರುಗಿಸ್ತಾನೆ. ಇವತ್ತು ನಿನ್ನನ್ನ ನೋಡೋಕೆ ಹೊಸ ಟೈ ಕಟ್ಕೊಂಡು ಬಂದಿದ್ದಾನೆ!”

ಲಾವಿನಿಯಾ ಮುಖದ ಮೇಲಿನ ಮಳೆಹನಿಯನ್ನು ಒರೆಸಿಕೊಳ್ಳಲಿಲ್ಲ.

“ನನಗೆ ಹೊಟ್ಟೆಕಿಚ್ಚಿಲ್ಲ ಅಂದ್ಕೊಂಡ್ಯಾ?” ಅವಳ ದನಿ ತಗ್ಗಿತ್ತು. “ಅವನ ಅಂಗಿ ಇಸ್ತ್ರಿ ಮಾಡಿದ್ದು ನೀನು. ಅವನ ಗೊರಕೆ ಕೇಳಿದ್ದು ನೀನು. ನನಗೆ ಉಳಿದಿದ್ದು ಅವನು ಹೊದಿಸಿದ ಛಾವಣಿ ಒಂದೇ. ಮಳೆ ಬಂದಾಗೆಲ್ಲ ಸೋರಬಾರದಾ ಅಂತ ಕಾದಿದ್ದೀನಿ. ಸೋರಿದ್ರೆ ರಿಪೇರಿಗೆ ಕರೀಬಹುದಿತ್ತು. ದರಿದ್ರದ್ದು, ಒಂದು ಹನಿ ಸೋರಲಿಲ್ಲ.”

ಥೆಲ್ಮಾ ಚರ್ಚಿನ ಕಡೆ ನೋಡಿದಳು. ಗ್ರಾಟನ್ ಇನ್ನೂ ಬಂದಿರಲಿಲ್ಲ.

“ಬಾ ಇಲ್ಲಿ. ನಿಂದು ಪೊಲೀಸ್ ಕಣ್ಣು ಅಂತ ಟ್ಯಾಮ್ಸಿನ್ ಹೇಳ್ತಿದ್ಲು, ಸರಿಯಾಗಿ ನೋಡು,” ಎಂದು ಲಾವಿನಿಯಾ ಅವಳ ತೋಳು ಹಿಡಿದು ಹಲಗೆಯ ಹತ್ತಿರ ಎಳೆದಳು. “ಆ ಹೊಸ ನೀಲಿಯ ಕೆಳಗಿನ ಅಂಚು ನೋಡು. ಎಷ್ಟು ಸಾಲಿದೆ?”

ಥೆಲ್ಮಾ ಬಾಗಿದಳು. ಅಂಚಿನಲ್ಲಿ ಮೊದಲು ಉಗುರಿನಿಂದ ಅರ್ಧಕ್ಕೆ ಕತ್ತರಿಸಿದ ಮೊಟಕು ಎಸಳುಗಳು. ಅವುಗಳ ಮೇಲೆ, ಸಂದಿಗೆ ಸಂದು ಸೇರದ ಹಾಗೆ, ಪೂರ್ತಿ ಎಸಳುಗಳು.

ಎರಡು ಸಾಲು.

“ನಲವತ್ತೈದು ವರ್ಷದಿಂದ ನಾನು ಎಸಳು ಒತ್ತಿದ್ದೀನಿ. ನಮ್ಮೂರಲ್ಲಿ ಯಾರೂ ಅಂಚಿಗೆ ಜೋಡಿ ಸಾಲು ಹಾಕಲ್ಲ. ಹೂವಿಗೆ ಯಾಕೆ ಬೇಕು? ಮನೆಗೆ ಬೇಕು. ನಿನ್ನೆ ಬೆಳಿಗ್ಗೆ ಇದನ್ನ ನೋಡಿದೆ, ನೋಡಿದ ತಕ್ಷಣ ಗೊತ್ತಾಯ್ತು. ನಮ್ಮಪ್ಪ ಈ ಕೆಲಸ ಕಲಿಸಿದ್ದು ಇಬ್ಬರಿಗೇ. ಒಬ್ಬ ನನ್ನ ತಮ್ಮ. ಅವನನ್ನ ಮಣ್ಣು ಮಾಡಿ ಹನ್ನೊಂದು ವರ್ಷ ಆಯ್ತು.” ಲಾವಿನಿಯಾ ಅವಳ ತೋಳು ಬಿಟ್ಟಳು. “ಇನ್ನೊಬ್ಬ ಯಾರು ಅಂತ ನನ್ನ ಬಾಯಲ್ಲಿ ಹೇಳಿಸಬೇಡ. ಅವನ ಸಲುವಾಗಿ ನಿನ್ನೆಯಿಂದ ಸುಮ್ಮನಿದ್ದೆ. ನೀನಾಗೇ ಕೆದಕಿದೆ.”

ಥೆಲ್ಮಾ ಬಾವಿಯ ಕಟ್ಟೆ ಹಿಡಿದುಕೊಂಡಳು.

ಗುರುವಾರ. ರೋಲಂಡ್ ಮೀನು ಹಿಡಿಯಲು ಹೋಗಿದ್ದ. ಬೆಳಿಗ್ಗೆ ಹೋದವನು ಕತ್ತಲಾಗುವಷ್ಟರಲ್ಲಿ ಬರಿಗೈಲಿ ಬಂದಿದ್ದ. ಗಾಳಕ್ಕೆ ಸಿಗಿಸುವ ಹುಳುವಿನ ಡಬ್ಬಿ ಮುಚ್ಚಳ ತೆಗೆಯದ ಹಾಗೇ ಇತ್ತು. ಅವಳು ಅದನ್ನು ನೋಡಿದ್ದಳು, ನೋಡಿಯೂ ಬಿಟ್ಟಿದ್ದಳು. ಮತ್ತೆ ಇವತ್ತು, ಈಸ್ಟರಿನಲ್ಲಿ ತೆರೆದ ಟೀ ಅಂಗಡಿಗೆ ಓಣಿಯೊಳಗಿಂದ ನೇರ ಕರೆದುಕೊಂಡು ಹೋದನಲ್ಲ. ಮೂವತ್ತೆಂಟು ವರ್ಷ ಕಾಲಿಡದವನಿಗೆ ಅದು ಅಲ್ಲಿದೆ ಎಂದು ಹೇಗೆ ಗೊತ್ತು?

ಲಾವಿನಿಯಾಳನ್ನು ನೋಡುವ ಆತುರದಲ್ಲಿ ಅವಳು ತನ್ನ ಗಂಡನನ್ನೇ ನೋಡಿರಲಿಲ್ಲ.

“ಸಾರ್ಜೆಂಟ್! ಪಾದ್ರಿಗಳು ಒಪ್ಪಿದ್ರು!”

ಗ್ರಾಟನ್ ಏದುಸಿರು ಬಿಡುತ್ತ ಬಂದ. ಹಿಂದೆ ಕೊಡೆ ಹಿಡಿದ ಪಾದ್ರಿ, ಅವರ ಹಿಂದೆ ಅರ್ಧ ಊರು. ಥೆಲ್ಮಾ, “ತಾಳು, ನಾನು ತಪ್ಪು...” ಎಂದು ಬಾಯಿ ತೆರೆದಳು. ಯಾರೂ ಕೇಳಿಸಿಕೊಳ್ಳಲಿಲ್ಲ.

ಲಾವಿನಿಯಾಳೇ ಮುಂದೆ ಬಂದಳು. ಊರವರ ಕಣ್ಣೆದುರೇ ಪಾರಿವಾಳದ ಕೆಳಗೆ ಎರಡು ಬೆರಳು ಇಳಿಸಿದಳು. ನೀಲಿ ಎಸಳು ಉದುರಿ ಬಾವಿಯ ನೀರಿಗೆ ಬಿದ್ದವು. ಬೆರಳು ಹೊರಗೆ ಬಂದಾಗ ಅದರ ತುದಿಯಲ್ಲಿ ಜೇಡಿ ಮೆತ್ತಿದ ಉಂಗುರವಿತ್ತು. ಅವಳು ಏಪ್ರನ್ನಿಗೆ ಒರೆಸಿದಳು. ನೀಲಮಣಿ ಹೊಳೆಯಿತು.

ಜನ ಗುಜುಗುಜು ಎಂದರು. ಪಾದ್ರಿ ಶಿಲುಬೆಯ ಗುರುತು ಮಾಡಿಕೊಂಡರು.

“ಟ್ಯಾಮ್ಸಿನ್ ಪಾಪದ ಹುಡುಗಿ, ಎಸಳು ಒತ್ತೋಕೆ ಬರಲ್ಲ ಅಂತ ಎಲ್ಲರಿಗೂ ಗೊತ್ತು,” ಎನ್ನುತ್ತ ಗ್ರಾಟನ್ ಪುಸ್ತಕ ತೆಗೆದ. “ಸಾರ್ಜೆಂಟ್, ಪತ್ತೆ ಮಾಡಿದ್ದು ನೀವು. ಇದನ್ನ ಜೋಡಿಸಿದ್ದು ಯಾರ ಕೈ ಅಂತ ನೀವೇ ಹೇಳಿ, ಬರ್ಕೋತೀನಿ.”

ಟ್ಯಾಮ್ಸಿನ್ ಬಚಾವಾಗಬೇಕಾದರೆ ಇನ್ನೊಂದು ಹೆಸರು ಬೇಕು. ನಿಜ ಹೇಳಿದರೆ ಗಂಡ ಹೋಗುತ್ತಾನೆ. ಇಪ್ಪತ್ತಾರು ವರ್ಷ ಥೆಲ್ಮಾ ಯಾವ ಕಟಕಟೆಯಲ್ಲೂ ಸುಳ್ಳು ಹೇಳಿದವಳಲ್ಲ. ಎದುರಿಗೆ ಬೆಳ್ಳಿ ಕೂದಲಿನ ಆ ಹೆಂಗಸು ನೇರ ನಿಂತಿದ್ದಳು. ರೋಲಿ ಎಂದು ಕರೆದಿದ್ದಳು.

“ಈ ಊರಿನ ಕೈ,” ಎಂದಳು ಥೆಲ್ಮಾ. “ಲಾವಿನಿಯಾ ಫರ್ನಿಸ್ ಕೈ.”

ಲಾವಿನಿಯಾ ಕೂಗಾಡಲಿಲ್ಲ. “ಇಷ್ಟೇನಾ ನೀನು,” ಎಂದಳು ಅಷ್ಟೇ.

“ಅಲ್ಲ ಗ್ರಾಟನ್. ಬರ್ಕೋಬೇಡ.”

ಹಿಂದಿನಿಂದ ಬಂದ ಆ ದನಿಗೆ ಜನ ದಾರಿ ಬಿಟ್ಟರು. ರೋಲಂಡ್ ನಿಂತಿದ್ದ. ಎರಡೂ ಕೈಯಲ್ಲಿ ಐಸ್‌ಕ್ರೀಂ, ಮಳೆಗೆ ನೆನೆದ ಹೊಸ ಟೈ.

“ಲಾವಿನಿಯಾಳದ್ದಲ್ಲ. ಆ ಜೋಡಿ ಸಾಲು ನಂದು.”

ಥೆಲ್ಮಾ ಕಣ್ಣು ಮುಚ್ಚಿಕೊಂಡಳು. ಅವನಿಗಾಗಿ ಅವಳು ಸುಳ್ಳು ಹೇಳಿದಳು. ಅವನು ಲಾವಿನಿಯಾಳಿಗಾಗಿ ನಿಜ ಹೇಳಿದ. ಮೂವತ್ತನಾಲ್ಕು ವರ್ಷ ಹೊಟ್ಟೆಯಲ್ಲಿ ಉರಿದದ್ದು ಸುಳ್ಳಾಗಿರಲಿಲ್ಲ.

“ಅಂದ್ರೆ ಉಂಗುರ ಕದ್ದಿದ್ದು ನೀವೇನಾ, ಬ್ಯಾಗ್‌ಶಾ ಅವರೇ?” ಗ್ರಾಟನ್ ಪುಸ್ತಕ ಕೆಳಗಿಳಿಸಿದ.

“ಬಚ್ಚಿಟ್ಟಿದ್ದು ನಾನು. ಗುರುವಾರ, ಕೊಟ್ಟಿಗೆಯಿಂದ ಎಲ್ಲರೂ ಟೀಗೆ ಹೋದಾಗ. ಕದ್ದಿದ್ದು ನಾನಲ್ಲ.”

“ಮತ್ತೆ ನಿಮ್ಮ ಕೈಗೆ ತಂದುಕೊಟ್ಟಿದ್ದು ಯಾರು?”

ಥೆಲ್ಮಾ ಥಟ್ಟನೆ ಲಾವಿನಿಯಾಳ ಕಡೆ ತಿರುಗಿದಳು. ಲಾವಿನಿಯಾಳ ಮುಖದಲ್ಲಿ ಭಯವಿರಲಿಲ್ಲ. ಅವಳು ಹುಬ್ಬು ಗಂಟಿಕ್ಕಿ ರೋಲಂಡ್‌ನನ್ನು ನೋಡುತ್ತಿದ್ದಳು. ಉತ್ತರ ಅವಳಿಗೂ ಗೊತ್ತಿರಲಿಲ್ಲ.

ಹಾಗಾದರೆ ಆ ಕೋಣೆಗೆ ಹೋದವರಲ್ಲಿ ಉಳಿದವರು...

“ರೋಲಂಡ್, ಹೇಳು,” ಎಂದಳು ಥೆಲ್ಮಾ.

ಅವನು ಮೊದಲ ಸಲ ಅವಳ ಮುಖವನ್ನು ನೇರ ನೋಡಿದ. ಆಮೇಲೆ ಗ್ರಾಟನ್ ಕಡೆ ತಿರುಗಿದ.

“ಹೇಳ್ತೀನಿ. ಮೊದಲು ಇವಳನ್ನ ಬಸ್ಸಿಗೆ ಹತ್ತಿಸಿ ಮನೆಗೆ ಕಳ್ಸಿ. ಸಾಕಿದವಳ ಎದುರಿಗೆ ಆ ಹೆಸರು ಹೇಳಲಾರೆ.”